ಬೆರಳ ಗೆರೆ ಸವೆದವರು ಬ್ಯಾಂಕಿಗೆ ಏನು ತೋರಿಸಬೇಕು?

ಮಾನ್ಯ ಸಂಪಾದಕರೇ,

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಸಿದ್ದಾಪುರ ತಾಲ್ಲೂಕಿನ ಹಳ್ಳಿಮನೆಯಲ್ಲಿ ಆಯಿ, ಅಂದರೆ ಅಮ್ಮ, ಒಬ್ಬಳೇ ಇದ್ದಾಳೆ. ವಯಸ್ಸು 84. ಇಲ್ಲಿಗೆ ಬಾ ಅಂದರೆ, ‘ಮೂರನೇ ಮಹಡೀಲಿ ಕೂತು ಏನು ಮಾಡಲಿ’ ಅನ್ನುತ್ತಾಳೆ. ಅದೂ ಸರಿಯೇ. ಕರೆಂಟ್ ಬಿಲ್ಲು ನಾನು ಇಲ್ಲಿಂದಲೇ ಕಟ್ಟುತ್ತೇನೆ. ಬಿಪಿ ಮಾತ್ರೆಯನ್ನು ಶಿರಸಿಯ ಅಂಗಡಿಯವರು ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಾರೆ. ನನ್ನಿಂದ ಆಗದ್ದು ಒಂದೇ: ಅವಳು ಬದುಕಿದ್ದಾಳೆ ಅಂತ ಬ್ಯಾಂಕನ್ನು ನಂಬಿಸುವುದು.

ಅಪ್ಪ ರೈಲ್ವೆಯಲ್ಲಿದ್ದರು. ಕುಟುಂಬ ಪಿಂಚಣಿ ನಿಲ್ಲಬಾರದು ಅಂದರೆ ಪ್ರತಿ ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಹೋದ ವರ್ಷ ಆಯಿ ರಿಕ್ಷಾ ಮಾಡಿಕೊಂಡು ಹೋದಳು. ಅಡಿಕೆ ಸುಲಿದೂ ಸುಲಿದೂ ಅವಳ ಬೆರಳ ಗೆರೆ ಸವೆದಿದೆ. ಯಂತ್ರ ಒಪ್ಪಲಿಲ್ಲ. ‘ನಾಳೆ ಬನ್ನಿ ಅಜ್ಜಿ’ ಅಂದರಂತೆ. ರಾತ್ರಿ ಬೆಳಗಾಗುವುದರೊಳಗೆ ಗೆರೆ ಹುಟ್ಟುತ್ತದೆಯೇ? ಮನೆಗೇ ಯಾರಾದರೂ ಬರಬಹುದಾ ಅಂತ ಫೋನ್ ಮಾಡಿ ಕೇಳಿದೆ. ಅಂಥದ್ದೆಲ್ಲ ಇಲ್ಲ ಅಂದರು. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಿ, ಲೈಫ್ ಸರ್ಟಿಫಿಕೇಟನ್ನೂ ಅಲ್ಲೇ ಪಡೆಯಿರಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ!

ಕೊನೆಗೆ ಕೆಲಸವಾದದ್ದು ಮುಖ ತೋರಿಸಿ. ಈ ವಿಧಾನ 2021ರಲ್ಲೇ ಬಂದಿದೆ. ಆಂಡ್ರಾಯ್ಡ್ ಫೋನಿನಲ್ಲಿ ‘ಜೀವನ್ ಪ್ರಮಾಣ್’ ಮತ್ತು ಆಧಾರ್‌ನ ಫೇಸ್ ಆ್ಯಪ್ ಇದ್ದರೆ ಸಾಕು. ಪಕ್ಕದ ಮನೆ ಹುಡುಗ ನೆಟ್‌ವರ್ಕ್ ಸಿಗುವ ದಿಬ್ಬದವರೆಗೆ ಆಯಿಯ ಕೈ ಹಿಡಿದು ಕರೆದುಕೊಂಡು ಹೋದ. ಕಣ್ಣು ಮಿಟುಕಿಸು ಅಂತ ಫೋನ್ ಹೇಳಿತಂತೆ. ‘ಮೊದಲೆಲ್ಲ ಫೋಟೊಕ್ಕೆ ಕಣ್ಣು ಮುಚ್ಚಬೇಡ ಅಂತಿದ್ದರು’ ಅಂತ ಆಯಿ ನಕ್ಕಳು. ಆ ಹುಡುಗ ಇಲ್ಲದಿದ್ದರೆ? ಅಂಚೆ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವೂ ಇದೆ. ಇದ್ಯಾವುದನ್ನೂ ಬ್ಯಾಂಕಿನವರು ಆಯಿಗೆ ಹೇಳಲಿಲ್ಲ. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು, ನವೆಂಬರ್ ರಶ್ಶಿನಲ್ಲಿ ನಿಲ್ಲಬೇಕಿಲ್ಲ ಅನ್ನುವುದನ್ನೂ ಹೇಳಲಿಲ್ಲ.

ಆ ಶಾಖೆಯ ಗೋಡೆಯ ಮೇಲೆ ಚಿನ್ನದ ಸಾಲದ ದೊಡ್ಡ ಬ್ಯಾನರ್ ಇದೆ. ಅದರ ಪಕ್ಕದಲ್ಲಿ ಒಂದು ಬೋರ್ಡ್ ಹಾಕಲಿ, ಕನ್ನಡದಲ್ಲಿ: ಮನೆಗೆ ಯಾರು ಬರುತ್ತಾರೆ, ಯಾವ ವಾರ, ಯಾವ ನಂಬರಿಗೆ ಫೋನ್ ಮಾಡಬೇಕು. ಈ ಅಕ್ಟೋಬರ್‌ಗೆ ಮುಂಚೆ ಹಾಕಿದರೆ ಒಳ್ಳೆಯದು.

– ಓದುಗರೊಬ್ಬರು, ಡೊಂಬಿವಲಿ