ಶಾಸಕರೇ, ರೈತನ ಕೋವಿ ಬಗ್ಗೆ ನಿಮ್ಮ ಪಕ್ಷದ ನಿಲುವೇನು?

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ಮಲೆನಾಡಿನ ಅಡಿಕೆ ಬೆಳೆಗಾರ. ಬೆಳೆ ರಕ್ಷಣೆಗೆಂದು ಅಪ್ಪನ ಹೆಸರಲ್ಲಿ ಲೈಸೆನ್ಸ್ ಪಡೆದ ಕೋವಿ ನಮ್ಮಲ್ಲಿದೆ. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಠಾಣೆಗೆ ಒಪ್ಪಿಸಬೇಕು. ವರ್ಷಗಳಿಂದ ಇದೇ ಪಾಡು.

ನಿಯಮ ನಿಮಗೆ ಗೊತ್ತೇ ಇದೆ. ಎಲ್ಲರ ಕೋವಿಯನ್ನೂ ಇಡಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾ ಪರಿಶೀಲನಾ ಸಮಿತಿ ಲೈಸೆನ್ಸ್‌ಗಳನ್ನು ಒಂದೊಂದಾಗಿ ನೋಡಿ ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಗಲಭೆ ಮಾಡಿದವರನ್ನು ಗುರುತಿಸಬೇಕು. ಅಂಥವರ ಕೋವಿ ತೆಗೆದುಕೊಳ್ಳಿ, ನಮ್ಮ ಅಡ್ಡಿಯಿಲ್ಲ. ನಮ್ಮಲ್ಲಿ ಮಾತ್ರ ಎಲ್ಲರಿಗೂ ಒಂದೇ ಫೋನು: ‘ತಂದಿಡಿ, ಇಲ್ಲಾಂದ್ರೆ ಲೈಸೆನ್ಸ್ ಕ್ಯಾನ್ಸಲ್.’

2024ರಲ್ಲಿ ನಮ್ಮ ಕಡೆ ಏಪ್ರಿಲ್ 26ಕ್ಕೇ ಮತದಾನ ಮುಗಿಯಿತು. ಫಲಿತಾಂಶ ಜೂನ್ 4ಕ್ಕೆ. ಅಷ್ಟೂ ದಿನ ಮಂಗಗಳು ಎಳೆ ಅಡಿಕೆ ಕಿತ್ತು ಚೀಪಿ ಉದುರಿಸಿದವು. ಕಾಡುಹಂದಿ ಬಾಳೆ ಬುಡ ಬಗೆದವು. ಮಂಗನನ್ನು ಕೊಲ್ಲುವುದು ಯಾರಿಗೂ ಬೇಕಿಲ್ಲ ಸ್ವಾಮಿ, ಗಾಳಿಯಲ್ಲಿ ಒಂದು ಈಡು ಹೊಡೆದರೆ ಓಡುತ್ತವೆ.

ವಾಪಸ್ ತರಲು ಹೋದಾಗ ನೋಡಿದ್ದನ್ನು ಮರೆಯಲಾಗುತ್ತಿಲ್ಲ. ಹಿಂದಿನ ಕೋಣೆಯಲ್ಲಿ ಸೋರುವ ಗೋಡೆಗೆ ಕೋವಿಗಳನ್ನು ರಾಶಿ ಒರಗಿಸಿದ್ದರು. ಕಟ್ಟಿದ ಚೀಟಿ ನೆನೆದು ಹೆಸರು ಅಳಿಸಿತ್ತು. ನಂಬರ್ ನೋಡಿ ಹುಡುಕಿದೆವು. ನಳಿಗೆಗೆ ತುಕ್ಕು, ಮರದ ಹಿಡಿ ಉದ್ದಕ್ಕೂ ಸೀಳು. ‘ಸರಿಯಿದೆ ಅಂತ ಸಹಿ ಹಾಕಿ, ಇಲ್ಲಾಂದ್ರೆ ಇಲ್ಲೇ ಬಿಟ್ಟು ಹೋಗಿ’ ಎಂದರು. ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತದ, ಎಂಬತ್ತು ದಾಟಿದ ನನ್ನಪ್ಪ ಅಪರಾಧಿಯಂತೆ ನಿಂತು ಸಹಿ ಹಾಕಿದರು. ಇದು ಯಾವ ನ್ಯಾಯ? ನಿಮ್ಮ ಮನೆಯ ಹಿರಿಯರಿಗೆ ಹೀಗೆ ಮಾಡಿದರೆ ಸುಮ್ಮನಿರುತ್ತೀರಾ?

2019ರಲ್ಲಿ ಒಬ್ಬರಿಗೆ ಒಂದೇ ಬಂದೂಕು ಎಂಬ ಮಸೂದೆ ಬಂದಾಗ ಸಂಸದರು ಒತ್ತಾಯಿಸಿದ್ದಕ್ಕೆ ಎರಡಾಯಿತು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನ ಕೊಡವರಿಗಿದ್ದ ವಿನಾಯಿತಿ 2029ರವರೆಗೆ ಮುಂದುವರಿಯಿತು, ಆಗಬೇಕಾದದ್ದೇ. ಮನಸ್ಸಿದ್ದರೆ ಆಗುತ್ತದೆ. ಆದರೆ ನಮ್ಮೂರಿಗೆ ಮತ ಕೇಳಲು ಬಂದ ಕೈ, ಕಮಲ, ತೆನೆ ಯಾವ ಪಕ್ಷದವರೂ ಕೋವಿ ವಿಚಾರ ಎತ್ತಿದರೆ ‘ನೋಡೋಣ’ ಎನ್ನುವುದರಾಚೆ ಹೋಗಲಿಲ್ಲ. ನೀವೂ ಅಷ್ಟೇ.

ನೋಡಿದ್ದು ಸಾಕು. ನಿಮ್ಮ ಪಕ್ಷದ ನಿಲುವು ಹೇಳಿ. ಸಮಿತಿ ಹೆಸರಿಸಿದವರ ಕೋವಿ ಮಾತ್ರ ಠಾಣೆಗೆ ಹೋಗಲಿ ಎಂದು ಸದನದಲ್ಲಿ ಕೇಳಿ, ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಇಟ್ಟ ಕೋವಿ ಹಾಳಾದರೆ ಯಾರು ಹೊಣೆ ಎಂಬುದೂ ತೀರ್ಮಾನವಾಗಲಿ. ಪರವೋ ವಿರೋಧವೋ, ನಿಲುವು ಬರವಣಿಗೆಯಲ್ಲಿ ಬೇಕು, ಮುಂದಿನ ಚುನಾವಣೆ ಘೋಷಣೆಯಾಗುವ ಮೊದಲೇ ಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ