ಹಳೆಯ ಸಾಣೆಕಲ್ಲನ್ನು ಎಸೆಯುವ ಮುನ್ನ

ಸಂಪಾದಕರಿಗೆ ನಮಸ್ಕಾರ.

ಕೊಯ್ಲು ಹತ್ತಿರ ಬಂದರೆ ಕುಡುಗೋಲನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಗ್ರೈಂಡರಿಗೆ ಹಿಡಿಸುವುದು ನಮ್ಮ ಕೊಪ್ಪಳ, ಕುಷ್ಟಗಿ, ಸಿಂಧನೂರು ಕಡೆ ಈಗ ರೂಢಿಯಾಗಿದೆ. ಗ್ರೈಂಡರಿನ ಬಿಸಿಗೆ ಅಂಚು ನೀಲಿಗೆ ತಿರುಗಿತೆಂದರೆ ಕಮ್ಮಾರ ಕೊಟ್ಟ ಹದ ಅಲ್ಲಿಗೆ ಹೋಯಿತು; ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಅದೇ ಮನೆಯ ಹಿತ್ತಲಲ್ಲಿ ಅಜ್ಜನ ಕಾಲದ ಸಾಣೆಕಲ್ಲು 'ಸವೆದಿದೆ, ಹಿಡಿಯೋದಿಲ್ಲ' ಅನ್ನಿಸಿಕೊಂಡು ಮೂಲೆ ಸೇರಿರುತ್ತದೆ. ಇಂಥ ಕಲ್ಲುಗಳಲ್ಲಿ ಬಹಳಷ್ಟು ಸವೆದಿರುವುದೇ ಇಲ್ಲ, ಜಿಡ್ಡು ಕಟ್ಟಿರುತ್ತವೆ ಅಷ್ಟೆ. ದಯವಿಟ್ಟು ಎಸೆಯಬೇಡಿ.

ಮೊದಲು ಅದು ಯಾವ ಕಲ್ಲೆಂದು ತಿಳಿಯಬೇಕು. ಒಂದು ಮೂಲೆಯನ್ನು ಸೋಪು ಹಾಕಿ ಉಜ್ಜಿ ತೊಳೆದು ಬಿಸಿಲಿಗೆ ಹಿಡಿಯಿರಿ. ಬೂದುಗಪ್ಪು ಬಣ್ಣದಲ್ಲಿ ಕಣಗಳು ಮಿಣುಗಿದರೆ ಅದು ಕಾರ್ಬೊರಂಡಮ್, ಅಂದರೆ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಅಚೆಸನ್ 1891ರಲ್ಲಿ ಇದನ್ನು ಕುಲುಮೆಯಲ್ಲಿ ತಯಾರಿಸಿದ. ಕಂದು ಅಥವಾ ಕಿತ್ತಳೆ ಬಣ್ಣವಿದ್ದು ಅಷ್ಟು ಮಿಣುಗದಿದ್ದರೆ ಅಲ್ಯೂಮಿನಿಯಂ ಆಕ್ಸೈಡ್ ಇರಬಹುದು. ಪಕ್ಕದಲ್ಲಿ ನೇರವಾದ ಬೆಸುಗೆ ಗೆರೆ ಕಂಡು, ಒಂದು ಮುಖ ಒರಟು, ಇನ್ನೊಂದು ನುಣುಪಾಗಿದ್ದರೆ ಕಾರ್ಖಾನೆಯ ಕಲ್ಲೇ. ನೈಸರ್ಗಿಕ ಕಲ್ಲಿನಲ್ಲಿ ಪದರ, ಎಳೆ, ಬಣ್ಣದ ಏರುಪೇರು ಇರುತ್ತದೆ.

ಕಬ್ಬಿಣದ ಮೊಳೆಯನ್ನು ಉಜ್ಜಿ ನೋಡಿ. ಕಲ್ಲಿನ ಮೇಲೆ ಕಪ್ಪು ಗೆರೆ ಮೂಡಿ ಮೊಳೆ ಸವೆದರೆ ಸಾಣೆಗೆ ಆಗುತ್ತದೆ. ಕಲ್ಲೇ ಬಿಳಿ ಪುಡಿಯಾದರೆ ಆಗುವುದಿಲ್ಲ. ಶಹಾಬಾದ್ ಕಲ್ಲಿನ ತುಂಡನ್ನು ಸಾಣೆಕಲ್ಲೆಂದು ಇಟ್ಟುಕೊಂಡವರಿದ್ದಾರೆ. ಅದು ಸುಣ್ಣದ ಕಲ್ಲು, ನಿಂಬೆರಸ ಬಿಟ್ಟರೆ ನೊರೆ ಬರುತ್ತದೆ.

ಇನ್ನೊಂದು ಬಗೆಯನ್ನು ಮಾತ್ರ ಜೋಪಾನವಾಗಿ ಗುರುತಿಸಬೇಕು. ಕುರುಂದವೆಂಬ ಗಟ್ಟಿ ಖನಿಜದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ ಹಳೆಯ ಸಾಣೆ ಅದು, ಸಾಮಾನ್ಯವಾಗಿ ಗಾಲಿಯಾಕಾರ. ಕಾಯಿಸಿದ ಸೂಜಿಯ ತುದಿ ತಾಗಿಸಿದರೆ ಮೆತ್ತಗಾಗಿ ಅರಗಿನ ವಾಸನೆ ಬರುತ್ತದೆ. ಅರಗು ಸೋಡಾದಲ್ಲೂ ಸ್ಪಿರಿಟ್‌ನಲ್ಲೂ ಕರಗುತ್ತದೆ, ಬಿಸಿಗೆ ಇಳಿದುಹೋಗುತ್ತದೆ. ಅದನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಕು, ಮುಂದೆ ಹೇಳುವ ಯಾವುದೂ ಅದಕ್ಕೆ ಬೇಡ.

ಉಳಿದ ಕಲ್ಲುಗಳ ಜಿಡ್ಡು ತೆಗೆಯಲು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ, ಕಲ್ಲು ಮುಳುಗುವಷ್ಟು ಸೀಮೆಎಣ್ಣೆಯಲ್ಲಿ ಒಂದು ದಿನ ನೆನೆಹಾಕಿ. ಸೀಮೆಎಣ್ಣೆ ಸಿಗದಿದ್ದರೆ ಬಣ್ಣದ ಅಂಗಡಿಯ ಟರ್ಪೆಂಟೈನ್ ಆದೀತು. ಒಲೆ, ಬೀಡಿ ಎರಡೂ ದೂರವಿರಲಿ. ಎಣ್ಣೆ ಕಂದಾದರೆ ಚೆಲ್ಲಿ ಹೊಸದು ಹಾಕಿ. ಆಮೇಲೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಗಟ್ಟಿ ಬ್ರಷ್ಷು. ನೆರಳಲ್ಲಿ ಒಣಗಿಸಿ. ಕೆಲವರು ಜಿಡ್ಡು ಸುಡಲೆಂದು ಕಲ್ಲನ್ನು ಕೆಂಡಕ್ಕೆ ಹಾಕುತ್ತಾರೆ. ಹೊರಮೈ ಹಿಗ್ಗಿ ಒಳಮೈ ತಣ್ಣಗೇ ಇರುವುದರಿಂದ ಕಲ್ಲು ಸೀಳುತ್ತದೆ. ಪದರದ ಕಲ್ಲಾದರಂತೂ ಉಳಿಯುವುದೇ ಇಲ್ಲ. ತೊಳೆದ ಕಾರ್ಖಾನೆ ಕಲ್ಲಿನ ಮೇಲೆ ಒಂದು ಹನಿ ನೀರು ಬಿಡಿ. ಇಂಗಿದರೆ ಜಿಡ್ಡು ಹೋಗಿದೆ, ಮಣಿಯಂತೆ ನಿಂತರೆ ಇನ್ನೂ ಇದೆ.

ಬರೀ ಕುಡುಗೋಲಿಗಾದರೆ ಇಷ್ಟೇ ಸಾಕು. ಬಾಗಿದ ಅಲಗಿಗೆ ಕಲ್ಲು ಕೊಂಚ ತಗ್ಗಾಗಿದ್ದರೂ ನಡೆಯುತ್ತದೆ. ಬಡಿಗರ ಉಳಿ, ಕೀಸುಳಿಗೆ ಮಾತ್ರ ಮಟ್ಟಸವಾದ ಕಲ್ಲೇ ಬೇಕು. ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರು ಬಳಸುವ ಪೊಲ್ಕಿ ಮರದಂಥ ಹಗುರ ಮರವಂತೂ ಉಳಿ ಮೊಂಡಾದರೆ ಕತ್ತರಿಸುವುದಿಲ್ಲ, ಜಜ್ಜಿಹೋಗುತ್ತದೆ.

ಮಟ್ಟ ಮಾಡಲು ಕಲ್ಲನ್ನು ಸಿಮೆಂಟ್ ಕಟ್ಟೆಗೆ ಉಜ್ಜುವುದು ಎಲ್ಲೆಡೆ ಇದೆ. ಇದರಲ್ಲಿ ಎರಡು ತೊಂದರೆ. ಕಟ್ಟೆಯೇ ಮಟ್ಟಸವಿರುವುದಿಲ್ಲ, ಮತ್ತು ಮರಳು ಕಾರ್ಬೊರಂಡಮ್‌ಗಿಂತ ಮೆದು, ಹಾಗಾಗಿ ಕಣಗಳನ್ನು ಕೀಳುವ ಬದಲು ಅವುಗಳ ಮೊನೆ ಸವೆಸಿ ಕಲ್ಲನ್ನು ಇನ್ನಷ್ಟು ಜಾರುವಂತೆ ಮಾಡುತ್ತದೆ. ದಪ್ಪ ಗಾಜು ಅಥವಾ ಪಾಲಿಶ್ ಆದ ಗ್ರಾನೈಟ್ ತುಂಡು ತನ್ನಿ. ಅದರ ಮೇಲೆ ಒಂದು ಚಮಚ 80 ನಂಬರಿನ ಕಾರ್ಬೊರಂಡಮ್ ಪುಡಿ (ನಂಬರು ಹೆಚ್ಚಿದಷ್ಟೂ ಪುಡಿ ನುಣುಪು), ನಾಲ್ಕು ಹನಿ ನೀರು. ಸಾಣೆಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಚೌಕಳಿ ಗೆರೆ ಎಳೆದು ಮಗುಚಿ, ಎಂಟರ ಆಕಾರದಲ್ಲಿ ಉಜ್ಜಿ. ಮೊದಲು ಕರಕರ ಸದ್ದು ಬರುತ್ತದೆ. ಸದ್ದು ಮೆತ್ತಗಾದರೆ ಪುಡಿ ಸತ್ತಿದೆ ಎಂದರ್ಥ, ತೊಳೆದು ಹೊಸದು ಹಾಕಬೇಕು. ತುದಿಗಳ ಗೆರೆ ಮೊದಲು ಅಳಿಸುತ್ತವೆ, ನಡುವಿನವು ಕೊನೆಗೆ. ಎಲ್ಲ ಹೋದ ಮೇಲೆ ಸ್ಟೀಲ್ ಸ್ಕೇಲನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ, ಬೆಳಕು ತೂರಬಾರದು. ಒರಟು ಮುಖಕ್ಕೆ 80 ಸಾಕು, ನುಣುಪು ಮುಖಕ್ಕೆ 220ರವರೆಗೆ ಹೋಗಬೇಕು. ಕಲ್ಲಿನ ಅಂಚುಗಳನ್ನು 2 ಮಿ.ಮೀ.ನಷ್ಟು ಇಳಿಜಾರು ಮಾಡಿದರೆ ಚಕ್ಕೆ ಏಳುವುದಿಲ್ಲ. ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒಣಗಿಸಿ ಉಜ್ಜಲೇಬೇಡಿ.

ಕೆಳಗಿನ ಗಾಜು, ಗ್ರಾನೈಟ್ ಕೂಡ ಸವೆಯುತ್ತವೆ, ಆದ್ದರಿಂದ ಇಡೀ ಹಾಸನ್ನು ಬಳಸಿ. ಬಳ್ಳಾರಿ ಹತ್ತಿರದ ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಕೊಡಲಿ ಉಜ್ಜಿ ಬಂಡೆಯಲ್ಲೇ ಮಾಡಿದ ತೋಡುಗಳು ಇಂದಿಗೂ ಇವೆ. (ಅವುಗಳಲ್ಲಿ ಇಂದು ಯಾರೂ ಏನನ್ನೂ ಮಸೆಯಬಾರದು.)

ಕಲ್ಲು ಮತ್ತೆ ಕೆಡದಿರಲು ಅದಕ್ಕೆ ಅಡುಗೆ ಎಣ್ಣೆ ಹಾಕುವುದನ್ನು ನಿಲ್ಲಿಸಬೇಕು. ನಮ್ಮ ಕಡೆ ಕಲ್ಲು ಹಾಳಾಗುವುದೇ ಇದರಿಂದ. ಕುಸುಬೆ, ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ರಂಧ್ರ ಮುಚ್ಚುತ್ತವೆ. ಶೇಂಗಾ ಎಣ್ಣೆಯೂ ದಿನ ಕಳೆದಂತೆ ಅಂಟಾಗುತ್ತದೆ. ಹೊಲಿಗೆಯಂತ್ರದ ಎಣ್ಣೆ ಎರಡು ಹನಿ ಸಾಕು, ಇಲ್ಲವೇ ನೀರು. ಕೆಲಸ ಮುಗಿದ ಕೂಡಲೇ ಕಪ್ಪು ಕೆಸರನ್ನು ಬಟ್ಟೆಯಿಂದ ಒರೆಸಿಡಿ.

ನಮ್ಮ ಕಡೆಯ ಐಟಿಐಗಳಲ್ಲಿ ಮರಗೆಲಸ, ಫಿಟ್ಟರ್ ಕಲಿಯುವ ಮಕ್ಕಳಿಗೆ ಇದನ್ನು ಒಂದು ದಿನ ಕೈಯಾರೆ ಮಾಡಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇವೆ. ಅದಕ್ಕೆ ಹಳೆಯ ಕಲ್ಲುಗಳನ್ನು ಮಕ್ಕಳೇ ತಮ್ಮ ಮನೆಗಳಿಂದ ತರಬಲ್ಲರು.

ಇಂತಿ,
ಬಡಿಗ ಕಸುಬಿನವರು, ಕೊಪ್ಪಳ