ಮತ್ತೆ ಶಟಲ್ ಆಡಿದೆ, ಎಲ್ಲರಿಗೂ ಥ್ಯಾಂಕ್ಸ್

ಸ್ನೇಹಿತರೇ, ನಿನ್ನೆ ಸಂಜೆ ಮತ್ತೆ ಶಟಲ್ ಆಡಿದೆ. ಸೋತೆ, ಅದು ಬೇರೆ ಮಾತು. ಕೆಳಗೆ ಬಿದ್ದ ಶಟಲ್ ಕಾಕನ್ನು ನಾನೇ ಬಗ್ಗಿ ಎತ್ತಿಕೊಂಡೆ. ಸೊಂಟಕ್ಕೆ ಏನಾಗಿತ್ತು, ಸ್ಕ್ಯಾನಲ್ಲಿ ಏನು ಬಂತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಅದೇ ಪುರಾಣ ಬೇಡ.

ಔಷಧಿ ತಂದುಕೊಟ್ಟವರು, ಆಫೀಸಲ್ಲಿ ನನ್ನ ಕೆಲಸ ವಹಿಸಿಕೊಂಡವರು, ಸುಮ್ನೆ ಹರಟೋಕೆ ಅಂತ ಫೋನ್ ಮಾಡಿದವರು, ನಿಮ್ಮೆಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಅಕ್ಕನ ಬಗ್ಗೆ ಮಾತ್ರ ಒಂದು ಸಾಲಲ್ಲಿ ಮುಗಿಸಲಾರೆ.

ಸೊಂಟ ಹಿಡಿದುಕೊಂಡ ಆ ರಾತ್ರಿ ಮಗ್ಗುಲು ಬದಲಿಸೋಕೂ ಆಗುತ್ತಿರಲಿಲ್ಲ. ಕೆಮ್ಮು ಬಂದರೆ ಜೀವ ಹೋದ ಹಾಗಾಗುತ್ತಿತ್ತು. ಅಕ್ಕ ಹಾಸಿಗೆ ಪಕ್ಕ ನೆಲದ ಮೇಲೆ ಕೂತಿದ್ದಳು. ಅಮ್ಮ ಹಾಸಿಗೆ ಹಿಡಿದಾಗ ಅವಳೇ ನೋಡಿಕೊಂಡಿದ್ದಳು, ಮಲಗಿದವರನ್ನು ಹೊರಳಿಸುವುದು ಆಗಲೇ ಕಲಿತಿದ್ದಳು. ನನ್ನ ಮಂಡಿಗಳನ್ನು ಮೆಲ್ಲಗೆ ಮಡಚಿ ನಡುವೆ ದಿಂಬು ಇಟ್ಟಳು. ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ. "ನೀನು ತಿರುಗೋಕೆ ಹೋಗಬೇಡ ಕಣೋ. ಉಸಿರು ಬಿಡು, ನಾನು ತಿರುಗಿಸ್ತೀನಿ" ಅಂದಳು. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೇ ಹೊರಳಿದವು, ಮರದ ದಿಮ್ಮಿ ಉರುಳಿದ ಹಾಗೆ. ಬೆನ್ನು ತಿರುಚಲೇ ಇಲ್ಲ.

ಬೆಳಗಾಗುವವರೆಗೂ ಇದೇ ಕೆಲಸ. ಬಾತ್‌ರೂಮಿಗೂ ಅವಳೇ ಹಿಡಿದುಕೊಂಡು ಹೋದಳು. ಈ ದೇಹ ಇನ್ನು ನನ್ನ ಮಾತು ಕೇಳುವುದೇ ಇಲ್ಲವೇನೋ ಅನ್ನಿಸಿ ಅಲ್ಲೇ ಅತ್ತುಬಿಟ್ಟೆ. ಅವಳು ಸಮಾಧಾನ ಹೇಳೋಕೆ ಬರಲಿಲ್ಲ. "ಮೊದಲು ಕಾಲು ಸರಿಯಾಗಿ ಊರು" ಅಂದಳು, ಅಷ್ಟೇ.

ಆಮೇಲೆ ಫಿಸಿಯೋ ಮೇಡಂ ಮೊದಲು ಕಲಿಸಿದ್ದೂ ಇದನ್ನೇ, ಹಾಸಿಗೆಯಲ್ಲಿ ಹೊರಳಿ ಏಳುವುದು. ಅಕ್ಕ ಪಕ್ಕದಲ್ಲೇ ನಿಂತು ನಗುತ್ತಿದ್ದಳು! ಬಗ್ಗುವ ಪಾಠ ಕಷ್ಟವಾಯಿತು. ಬೆನ್ನಿಗೆ ಉದ್ದದ ಕೋಲು ಹಿಡಿದುಕೊಳ್ಳಬೇಕು. ತಲೆ, ಬೆನ್ನಿನ ಮೇಲ್ಭಾಗ, ಬೆನ್ನಿನ ಬುಡ ಮೂರೂ ಕೋಲಿಗೆ ತಾಗಿರಬೇಕು. ಕುಂಡಿ ಹಿಂದಕ್ಕೆ ಹಾಕಿ ತೊಡೆಸಂದಿನಲ್ಲಿ ಮಡಚಬೇಕು. ಬೆನ್ನು ಗೂನಾದರೆ ಕೋಲು ಬಿಟ್ಟುಕೊಂಡು ಚಾಡಿ ಹೇಳುತ್ತದೆ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು, ನೀರು ಹೀರಿ ಉಬ್ಬಿರುತ್ತವೆ, ಅದಕ್ಕೇ ಎದ್ದ ತಕ್ಷಣ ಬಗ್ಗಬೇಡಿ ಅಂತಲೂ ಹೇಳಿದ್ದರು. ಮೋಶೆ ಫೆಲ್ಡೆನ್‌ಕ್ರೈಸ್ (1904–1984) ಅನ್ನೋ ಭೌತವಿಜ್ಞಾನಿಯ ಕಥೆ ಗೊತ್ತಾಗಿದ್ದೂ ಅವರಿಂದಲೇ. ಮಂಡಿ ಕೈಕೊಟ್ಟಾಗ ಆತ ತನ್ನ ಚಲನೆಯನ್ನೇ ಗಮನಿಸುತ್ತಾ ನಡೆಯುವುದನ್ನು ಹೊಸದಾಗಿ ಕಲಿತನಂತೆ. ಆ ದಿನಗಳಲ್ಲಿ ನನಗೆ ಅದು ತುಂಬಾ ಧೈರ್ಯ ಕೊಟ್ಟಿತು. ಮೇಡಂ, ನಿಮಗೂ ದೊಡ್ಡ ನಮಸ್ಕಾರ.

"ನೆಟ್ಟಗೆ ಕೂತ್ಕೋ" ಅಂತ ಈಗಲೂ ಮೆಸೇಜ್ ಹಾಕುವವರಿಗೆ ಒಂದು ಮಾತು. ಹೇಗೆ ಕೂತೆ ಅನ್ನೋದಕ್ಕಿಂತ ಎಷ್ಟು ಹೊತ್ತು ಒಂದೇ ಥರ ಕೂತೆ ಅನ್ನೋದೇ ನನಗೆ ಜಾಸ್ತಿ ತೊಂದರೆ ಕೊಟ್ಟಿದ್ದು. ಈಗ ಆಗಾಗ ಎದ್ದು ಓಡಾಡುತ್ತೇನೆ.

ಮುಂದಿನ ವಾರ ಅಕ್ಕ ಮನೆ ಬದಲಿಸುತ್ತಿದ್ದಾಳೆ. ಸಾಮಾನು ಎತ್ತೋಕೆ ನಾನೂ ಹೋಗುತ್ತಿದ್ದೇನೆ. ಭಾರದ ಪೆಟ್ಟಿಗೆ ಮುಟ್ಟೋಕೂ ಬಿಡುವುದಿಲ್ಲ ಅಂತ ಗೊತ್ತು, ಆದರೂ ಜಗಳ ಮಾಡಿ ಒಂದಾದರೂ ಎತ್ತುತ್ತೇನೆ.